ಕೆಜಿಎಫ್ ಚಿನ್ನದ ಮೇಲೆ ರಾಜ್ಯ ತೆರಿಗೆ ಹಾಕಬಹುದಾ?

ಕೋಲಾರ_ಕೆಎಎಸ್:
ಸಂವಿಧಾನದಲ್ಲಿ ರಾಜ್ಯದ ಅಧಿಕಾರಗಳನ್ನ ಹೇಳೋ ರಾಜ್ಯ ಪಟ್ಟಿಯ 23ನೇ ನಮೂದಿನಲ್ಲಿ ಗಣಿ, ಖನಿಜ ಅಭಿವೃದ್ಧಿ ಅಂತಲೇ ಇದೆ. ಆದರೂ ಕೆಜಿಎಫ್ ಮಾತು ಬಂದರೆ ಎಲ್ಲರೂ ದೆಹಲಿ ಕಡೆ ನೋಡೋದು ಯಾಕೆ? ಸುಪ್ರೀಂ ಕೋರ್ಟಿನ 2024ರ ತೀರ್ಪಿನ ಮೇಲೆ ರಾಜ್ಯ ತೆರಿಗೆ ಹಾಕಬಹುದಂತೆ. ಅದರ ಮಿತಿ ಏನು? ಪರೀಕ್ಷೆಯ ಉತ್ತರಕ್ಕೆ ಬೇಕು, ತಿಳಿದವರು ಬಿಡಿಸಿ ಹೇಳಿ.

ಬೇತಮಂಗಲ_ಓದುಗ:
23ನೇ ನಮೂದನ್ನ ಕೊನೆವರೆಗೂ ಓದಿ. ಕೇಂದ್ರ ಪಟ್ಟಿಗೆ ಒಳಪಟ್ಟು ಅನ್ನೋ ಷರತ್ತು ಅಲ್ಲೇ ಇದೆ. ಕೇಂದ್ರ ಪಟ್ಟಿಯ 54ನೇ ನಮೂದಿನಡಿ, ಸಾರ್ವಜನಿಕ ಹಿತಕ್ಕಾಗಿ ಅಂತ ಸಂಸತ್ತು ಕಾನೂನಿನಲ್ಲೇ ಘೋಷಿಸಿದರೆ ಆ ಮಟ್ಟಿಗೆ ರಾಜ್ಯ ಹಿಂದೆ ಸರೀಬೇಕು. 1957ರ ಗಣಿ ಮತ್ತು ಖನಿಜ ಕಾಯ್ದೆಯ 2ನೇ ಕಲಂ ಆ ಘೋಷಣೆ. "ಆ ಮಟ್ಟಿಗೆ" ಅನ್ನೋದನ್ನ ಬಿಟ್ಟು, ರಾಜ್ಯದ ಅಧಿಕಾರ ಪೂರ್ತಿ ಹೋಯ್ತು ಅಂತ ಬರೆದರೆ ಉತ್ತರ ತಪ್ಪು. ರಾಜಧನದ (ಖನಿಜ ತೆಗೆಯೋರು ಕೊಡೋ ರಾಯಲ್ಟಿ) ದರ ನಿಗದಿ ಮಾಡೋದು ಕೇಂದ್ರ, ಹಣ ಬರೋದು ರಾಜ್ಯಕ್ಕೆ.

ಕೆಜಿಎಫ್ ವಿಷಯದಲ್ಲಿ ಇನ್ನೊಂದು ಕಾರಣ ಇದೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನ ವಶಕ್ಕೆ ತಗೊಂಡು, 1962ರಲ್ಲಿ ಕೇಂದ್ರಕ್ಕೆ ವಹಿಸಿತು. 1972ರಲ್ಲಿ ಬಿಜಿಎಂಎಲ್ (ಭಾರತ್ ಗೋಲ್ಡ್ ಮೈನ್ಸ್) ಅನ್ನೋ ಕೇಂದ್ರ ಸರ್ಕಾರಿ ಕಂಪನಿ ಆಯ್ತು, 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು.

ತಿಪಟೂರು_ವಕೀಲ:
ತೆರಿಗೆ ವಿಚಾರ ನಾನು ಹೇಳ್ತೀನಿ. 25 ಜುಲೈ 2024ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 8:1 ಬಹುಮತದಲ್ಲಿ, ರಾಜಧನ ತೆರಿಗೆಯಲ್ಲ ಅಂದಿತು. ರಾಜಧನವೂ ತೆರಿಗೆ ಅಂದಿದ್ದ 1989ರ ಇಂಡಿಯಾ ಸಿಮೆಂಟ್ ತೀರ್ಪು ಅಲ್ಲಿಗೆ ಬಿತ್ತು. ಈಗ ರಾಜ್ಯದ ಮುಂದೆ ಎರಡು ದಾರಿ. ರಾಜ್ಯ ಪಟ್ಟಿಯ 50ನೇ ನಮೂದು ಖನಿಜ ಹಕ್ಕಿನ ಮೇಲಿನ ತೆರಿಗೆ. ಇದಕ್ಕೆ ಸಂಸತ್ತು ಕಾನೂನು ಮಾಡಿ ಮಿತಿ ಹಾಕಬಹುದು, 1957ರ ಕಾಯ್ದೆಯಲ್ಲಿ ಅಂಥ ಮಿತಿ ಇಲ್ಲ ಅಂತ ಪೀಠ ಹೇಳಿದೆ. 49ನೇ ನಮೂದು ಭೂಮಿ ಮೇಲಿನ ತೆರಿಗೆ, ಖನಿಜ ಇರೋ ಭೂಮಿಯೂ ಅದರಲ್ಲಿ ಸೇರುತ್ತೆ.

ಎಡವೋದು ಎಲ್ಲಿ ಅಂದರೆ, ಬರೀ ಸರ್ಕಾರಿ ಆದೇಶದಿಂದ ತೆರಿಗೆ ವಸೂಲಿ ಮಾಡೋಕಾಗಲ್ಲ. 265ನೇ ವಿಧಿ ಪ್ರಕಾರ ಶಾಸನಸಭೆಯ ಕಾನೂನೇ ಬೇಕು. ಉತ್ಪಾದನೆ ಲೆಕ್ಕದಲ್ಲಿ ತೆರಿಗೆ ಇಟ್ಟರೆ ಮುಚ್ಚಿದ ಗಣಿಯಿಂದ ಒಂದು ರೂಪಾಯಿಯೂ ಬರಲ್ಲ. ಕೇಂದ್ರದ ಆಸ್ತಿಗೆ 285ನೇ ವಿಧಿಯ ವಿನಾಯಿತಿ ಇದೆ ನಿಜ, ಆದರೆ ಸರ್ಕಾರಿ ಕಂಪನಿಯ ಸ್ವಂತ ಆಸ್ತಿಗೆ ಅದು ಸಿಗಲ್ಲ.

ಕೋಲಾರ_ಕೆಎಎಸ್:
ಧನ್ಯವಾದ ಸರ್. ಅಂದರೆ ರಾಜ್ಯ ತನ್ನ ಪಟ್ಟಿಯಲ್ಲಿ ಸಾರ್ವಭೌಮ ಅನ್ನಬಹುದಾ?

ತಿಪಟೂರು_ವಕೀಲ:
ಬೇಡ, ಆ ಪದ ಬಳಸಬೇಡಿ. 1962ರ ಪಶ್ಚಿಮ ಬಂಗಾಳ ಪ್ರಕರಣದಲ್ಲಿ ಆ ವಾದ ಬಿದ್ದುಹೋಗಿದೆ. ಕಲ್ಲಿದ್ದಲಿಗಾಗಿ ರಾಜ್ಯದ ಜಮೀನನ್ನೇ ಕೇಂದ್ರ ಸ್ವಾಧೀನ ಮಾಡ್ಕೋಬಹುದು ಅಂತ ಕೋರ್ಟ್ ಹೇಳಿತು. ಜೊತೆಗೆ 1994ರ ಬೊಮ್ಮಾಯಿ ತೀರ್ಪನ್ನೂ ಬರೀಲೇಬೇಕು, ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲ ಅನ್ನೋದಕ್ಕೆ.

ಚಿಂತಾಮಣಿ_ಕ್ರಷರ್:
ಕೇಂದ್ರ, ರಾಜ್ಯದ ಅಧಿಕಾರ ಹೇಗೆ ಹಂಚಿಕೆಯಾಗಿದೆ ಅನ್ನೋದಕ್ಕೆ ನಮ್ಮ ಚಿಕ್ಕಬಳ್ಳಾಪುರದ ಕಲ್ಲು ಕ್ವಾರಿ ಒಳ್ಳೆ ಉದಾಹರಣೆ. ಕಟ್ಟಡದ ಕಲ್ಲು ಉಪಖನಿಜ. 1957ರ ಕಾಯ್ದೆಯ 15ನೇ ಕಲಂ ಪ್ರಕಾರ ಗುತ್ತಿಗೆ, ರಾಜಧನ ಎರಡೂ ರಾಜ್ಯದ 1994ರ ನಿಯಮಾವಳಿಯಂತೆ. ಅದೇ ಕಲ್ಲು ಸಿಡಿಸೋ ಜಿಲೆಟಿನ್‌ಗೆ 1884ರ ಸ್ಫೋಟಕ ಕಾಯ್ದೆ, ಕೂಲಿಯವರ ಸುರಕ್ಷತೆಗೆ ಮೊದಲು 1952ರ ಗಣಿ ಕಾಯ್ದೆ ಇತ್ತು, 2025ರ ನವೆಂಬರ್‌ನಿಂದ ಅದರ ಬದಲು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ, ಎಲ್ಲವೂ ಕೇಂದ್ರದ್ದು. ಪರವಾನಗಿ ಇಲ್ಲದೆ ಕಲ್ಲು ತೆಗೀತಿದ್ದರೆ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ದೂರು ಕೊಡಿ. ಕ್ವಾರಿ ಒಳಗೆ ಸುರಕ್ಷತೆ ಇಲ್ಲ ಅಂದರೆ ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಬರೀಬೇಕು. ಎರಡನ್ನೂ ಒಂದೇ ಅರ್ಜಿಯಲ್ಲಿ ತುಂಬಿದರೆ ಅದು ಕಚೇರಿಯಿಂದ ಕಚೇರಿಗೆ ಅಲೀತಾ ಇರುತ್ತೆ.