ಅವ್ವ ಇರೋ ವೃದ್ಧಾಶ್ರಮದಾಗ ಹಿಂದಿನ ಬಾಗಿಲಿಗೆ ಬೀಗ, ಏನ್ ಮಾಡ್ಲಿ? (ರಾಯಚೂರು)

ನಮ್ಮವ್ವನ್ನ ಇಲ್ಲೇ ಒಂದು ವೃದ್ಧಾಶ್ರಮದಾಗ ಇಟ್ಟೀವ್ರಿ, ಮ್ಯಾಲಿನ ಮಹಡಿ, ಆಕಿಗೆ ನಡಿಯಾಕ ಬರಂಗಿಲ್ಲ. ನಿನ್ನಿ ಹೋದಾಗ ನೋಡ್ತೀನಿ, ಹಿಂದಿನ ಮೆಟ್ಟಿಲ ಬಾಗಿಲಿಗೆ ಬೀಗ, ಮುಂದ ಹಳೇ ಗಾದಿ ಒಟ್ಟ್ಯಾರ, ಕೇಳಿದ್ರ ಮುದುಕರು ಎದ್ದು ಹೊರಗ ಹೋಗಿಬಿಡ್ತಾರ್ರಿ ಅಂತಾರ. ಗ್ವಾಡಿ ಮ್ಯಾಲಿನ ಬೆಂಕಿ ಆರಿಸೋ ಕೆಂಪು ಸಿಲಿಂಡರಿನ ಮುಳ್ಳು ಪೂರಾ ಕೆಳಗ ಬಿದ್ದದ. ಕೂಲರ್, ಫ್ರಿಜ್, ಎಲ್ಲಾ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ. ನಾನೇ ಸುಮ್ನ ಹೆದರಾಕತ್ತೀನೇನು?

ಉತ್ತರ 1: ಇಲ್ರೀ, ಹೆದರೋ ಮಾತೇ ಅದ. ಮುಳ್ಳು ಹಸಿರಿನ್ಯಾಗ ಇರ್ಬೇಕು, ಕೆಳಗ ಬಿದ್ರ ಪ್ರೆಷರ್ ಇಲ್ಲ, ಬರೇ ಡಬ್ಬಿ ಅದು. ನಾ ವೈರಿಂಗ್ ಮಾಡಾವ, ಆ ಬಾಕ್ಸ್ ಮುಟ್ಟಿ ನೋಡ್ರಿ, ಬಿಸಿ ಆಗಿದ್ರ ಅವತ್ತೇ ತಗಸ್ರಿ.

ಉತ್ತರ 2: ನಾನು ಬಳ್ಳಾರಿಲಿ ನರ್ಸ್. ಬೆಂಕಿಗಿಂತ ಹೊಗೆ ಕೆಟ್ಟದ್ದು. 2011ರ ಡಿಸೆಂಬರ್‌ನಾಗೆ ಕೋಲ್ಕತ್ತದ ಆಸ್ಪತ್ರೆಲಿ ಬೆಂಕಿ ಹತ್ತಿದ್ದು ಬೇಸ್‌ಮೆಂಟಿಗೆ, ಉಸಿರುಕಟ್ಟಿ ಸತ್ತೋರು ಮೇಲಿನ ವಾರ್ಡಿನ ಪೇಷಂಟ್‌ಗಳು. ನಡೆಯೋಕಾಗ್ದೋರನ್ನ ಬೆಡ್‌ಶೀಟ್ ಸಮೇತ ನೆಲದ ಮೇಲೆ ಎಳ್ಕೊಂಡು ಬರ್ಬೇಕು, ಲಿಫ್ಟ್ ಬ್ಯಾಡ. ರಾತ್ರಿ ಎಷ್ಟು ಜನ ಡ್ಯೂಟಿಲಿ ಇರ್ತಾರೆ ಕೇಳಿ ಮೊದ್ಲು.

ಕೇಳಿದವರು: ಕೇಳ್ದೆ ಅಕ್ಕಾರ, ಒಬ್ಬಾಕೇ ಅಂತ. ಬೀಗದ ಕೀಲಿ ಮ್ಯಾನೇಜರ್ ಮನ್ಯಾಗ!

ಉತ್ತರ 3: ಅಯ್ಯಯ್ಯ. ಒಳಗಿಂದ ದಬ್ಬಿದ್ರ ತೆರೆಯೋ ಪುಶ್ ಬಾರ್ ಸಿಗ್ತದ, ಜೊತಿಗೆ ಬಾಗಿಲು ತೆರೆದ್ರ ಹೊಡ್ಕೊಳ್ಳೋ ಅಲಾರಂ ಹಾಕ್ಸಂತ ಹೇಳ್ರಿ, ಮುದುಕರು ಹೋದ್ರೂ ಗೊತ್ತಾಗ್ತದ. ಕೇಳ್ಲಿಲ್ಲಂದ್ರ ಫೋಟೋ ಹಚ್ಚಿ ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಡ್ರಿ. ಗಾದಿ ಮಾತ್ರ ಇವತ್ತೇ ತಗಸ್ರಿ.