ಜರ್ಮನಿಯಲ್ಲಿ ಚರ್ಚ್ ತೆರಿಗೆ ನಿಲ್ಲಿಸಿ ಕಥೋಲಿಕರಾಗಿಯೇ ಉಳಿಯಬಹುದೇ?

ನೇತ್ರಾವತಿ_ದಡ

ಜ್ಞಾನಸ್ನಾನ ಆಗಿದ್ದು ಮಂಗಳೂರಿನ ಇಗರ್ಜಿಯಲ್ಲಿ (ಚರ್ಚ್‌ನಲ್ಲಿ), ಈಗ ವಾಸ ಮ್ಯೂನಿಕ್‌ನಲ್ಲಿ. ವಿಳಾಸ ನೋಂದಣಿ ಫಾರಂನಲ್ಲಿ ಧರ್ಮ ‘ರೋಮನ್ ಕಥೋಲಿಕ’ ಎಂದು ಬರೆದಿರುವುದರಿಂದ ಸಂಬಳದಲ್ಲಿ ಪ್ರತಿ ತಿಂಗಳೂ ಚರ್ಚ್ ತೆರಿಗೆ ಮುರಿದುಕೊಳ್ಳುತ್ತಾರೆ. ದೇವರ ಮೇಲೆ, ಯೇಸುವಿನ ಮೇಲೆ ನನಗೆ ಸಂಶಯವಿಲ್ಲ. 2022ರ ಜನವರಿಯಲ್ಲಿ ಬಂದ ಮ್ಯೂನಿಕ್ ಮಹಾಧರ್ಮಪ್ರಾಂತ್ಯದ ವರದಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರನ್ನು ಕನಿಷ್ಠ 497 ಎಂದು ಲೆಕ್ಕ ಹಾಕಿತು. ಅದನ್ನು ಮುಚ್ಚಿಟ್ಟ ವ್ಯವಸ್ಥೆಗೆ ದುಡ್ಡು ಕೊಡಲು ಮನಸ್ಸು ಒಪ್ಪುತ್ತಿಲ್ಲ. ತೆರಿಗೆ ಮಾತ್ರ ನಿಲ್ಲಿಸುವ ದಾರಿ ಇದೆಯೇ? ಫಾರಂನಲ್ಲಿ ಧರ್ಮದ ಜಾಗ ಖಾಲಿ ಬಿಟ್ಟು ಮತ್ತೆ ನೋಂದಾಯಿಸಿದರೆ ಸಾಕೇ? ಊರಿನ ಇಗರ್ಜಿಗೆ ಸುದ್ದಿ ಹೋಗುತ್ತದೆಯೇ? ಮಕ್ಕಳಿಬ್ಬರಿದ್ದಾರೆ, 9 ಮತ್ತು 13 ವರ್ಷ.

ಇಸಾರ್_ತೀರ

ಖಾಲಿ ಬಿಡುವ ಉಪಾಯ ನಡೆಯುವುದಿಲ್ಲ. ಕಥೋಲಿಕರ ಮಟ್ಟಿಗೆ ಸದಸ್ಯತ್ವ ಹುಟ್ಟುವುದು ಫಾರಂನಿಂದಲ್ಲ, ಜ್ಞಾನಸ್ನಾನ ಮತ್ತು ಜರ್ಮನಿಯ ವಾಸದಿಂದ. ಫಾರಂ ಅದನ್ನು ದಾಖಲಿಸುತ್ತದೆ ಅಷ್ಟೆ. ಸುಳ್ಳು ಬರೆದರೆ ಮುಂದೆ ವಿಚಾರಣೆಯ ಪತ್ರ ಬರಬಹುದು, ಹಿಂಬಾಕಿಯನ್ನೂ ಕೇಳಬಹುದು.

ಇರುವ ದಾರಿ ಒಂದೇ: ‘ಕಿರ್ಶೆನ್‌ಔಸ್‌ಟ್ರಿಟ್’, ಅಂದರೆ ಸರ್ಕಾರಿ ಕಚೇರಿಯಲ್ಲಿ ಚರ್ಚ್ ಬಿಡುವ ಘೋಷಣೆ. ಬವೇರಿಯಾದಲ್ಲಿ ಇದು ‘ಸ್ಟಾಂಡೆಸಾಮ್ಟ್’ನಲ್ಲಿ, ಅಂದರೆ ಜನನ-ಮದುವೆ ನೋಂದಣಿ ಕಚೇರಿಯಲ್ಲಿ ನಡೆಯುತ್ತದೆ. ಬರ್ಲಿನ್, ಕೊಲೋನ್ ಕಡೆಯವರು ಸ್ಥಳೀಯ ನ್ಯಾಯಾಲಯಕ್ಕೆ ಹೋಗಬೇಕು. ಪಾಸ್‌ಪೋರ್ಟ್, ವಾಸದ ನೋಂದಣಿ ಪತ್ರ, ಮದುವೆಯಾಗಿದ್ದರೆ ಆ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ. ಕಾರಣ ಕೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಶುಲ್ಕ ಸಾಮಾನ್ಯವಾಗಿ 30 ಯುರೋ ಆಸುಪಾಸು. ಮಾಮೂಲಿ ಇಮೇಲ್ ಅಥವಾ ಅಂಚೆ ಪತ್ರಕ್ಕೆ ಬೆಲೆಯಿಲ್ಲ. ಭೇಟಿಯ ದಿನಾಂಕ ಸಿಗದಿದ್ದರೆ ನೋಟರಿ ಮುಂದೆ ಸಹಿ ದೃಢೀಕರಿಸಿ ಕಳಿಸಬಹುದು, ನೋಟರಿ ಶುಲ್ಕ ಬೇರೆ. ಆ ವರದಿ ಬಂದ 2022ರಲ್ಲಿ ಜರ್ಮನಿಯಾದ್ಯಂತ 5,22,821 ಕಥೋಲಿಕರು ಹೊರಬಂದರು, ಆಗ ದೊಡ್ಡ ಊರುಗಳಲ್ಲಿ ದಿನಾಂಕ ಸಿಗುವುದೇ ಕಷ್ಟವಾಗಿತ್ತು.

ಕೈಗೆ ಕೊಡುವ ಪ್ರಮಾಣಪತ್ರವನ್ನು ಜೀವಮಾನಪೂರ್ತಿ ಜೋಪಾನ ಮಾಡಿ. ಬೇರೆ ಊರಿಗೆ ಹೋದಾಗ, ಹತ್ತಾರು ವರ್ಷಗಳ ನಂತರವೂ, ಬಿಟ್ಟಿದ್ದೀರಿ ಎಂದು ತೋರಿಸುವ ಹೊಣೆ ನಿಮ್ಮ ಮೇಲೆಯೇ ಬೀಳಬಹುದು. ಇದನ್ನು ಕಳೆದುಕೊಂಡು ಪರದಾಡುವವರಿದ್ದಾರೆ.

ಈಗ ಲೆಕ್ಕ. ಚರ್ಚ್ ತೆರಿಗೆ ಆದಾಯದ ಮೇಲಲ್ಲ, ಆದಾಯ ತೆರಿಗೆಯ ಮೇಲೆ: ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್‌ನಲ್ಲಿ 8%, ಉಳಿದೆಡೆ 9%. ವರ್ಷದ ಆದಾಯ ತೆರಿಗೆ 9,000 ಯುರೋ ಇದ್ದರೆ ಮ್ಯೂನಿಕ್‌ನಲ್ಲಿ 720 ಯುರೋ. ಆದರೆ ಅದನ್ನು ತೆರಿಗೆ ರಿಟರ್ನ್‌ನಲ್ಲಿ ಆದಾಯದಿಂದ ಕಳೆಯಬಹುದು. ನಿಮ್ಮ ಮೇಲ್ತುದಿಯ ದರ (ಆದಾಯದ ಕೊನೆಯ ಭಾಗಕ್ಕೆ ಬೀಳುವ ತೆರಿಗೆ ದರ) 35% ಇದ್ದರೆ ಸುಮಾರು 250 ವಾಪಸು ಬರುತ್ತದೆ, ಕೈಬಿಟ್ಟು ಹೋಗುವುದು 470ರಷ್ಟು. ಮಾರ್ಚ್‌ನಲ್ಲಿ ಬಿಟ್ಟರೆ ಆ ವರ್ಷದ ಮೊತ್ತದ 3/12, ಅಂದರೆ 180 ಯುರೋ ಕಟ್ಟಬೇಕು. ವರ್ಷದ ತೆರಿಗೆಯನ್ನೇ ತಿಂಗಳಿಗೆ ಭಾಗಿಸುವುದರಿಂದ ಡಿಸೆಂಬರ್ ಬೋನಸ್ ಕೂಡ ಈ ಲೆಕ್ಕದೊಳಗೆ ಬರುತ್ತದೆ. ಇದು ಗೊತ್ತಿಲ್ಲದೆ ತಪ್ಪು ಬಿಲ್ಲು ಬಂತೆಂದು ಗಾಬರಿಯಾಗುವವರಿದ್ದಾರೆ.

ಸಂಬಳದ ಚೀಟಿಯಲ್ಲಿ ಕಡಿತ ತಾನಾಗಿಯೇ ನಿಲ್ಲಬೇಕು. ಎರಡು ತಿಂಗಳಾದರೂ ನಿಲ್ಲದಿದ್ದರೆ ಪ್ರಮಾಣಪತ್ರದ ನಕಲನ್ನು ಕಂಪನಿಗೆ ಕೊಡಿ. ಬ್ಯಾಂಕಿನ ಬಡ್ಡಿ-ಲಾಭಾಂಶದ ಮೇಲಿನ ಕಡಿತ ಇನ್ನೂ ನಿಧಾನ, ಹೆಚ್ಚು ಹೋಗಿದ್ದನ್ನು ವಾರ್ಷಿಕ ರಿಟರ್ನ್‌ನಲ್ಲಿ ಕೇಳಿ ಪಡೆಯಿರಿ.

ಕಾನೊನ್_ಓದುಗ

ಮೇಲಿನದೆಲ್ಲ ಸರಿ. ಆದರೆ ಕೇಳಿದವರ ಮುಖ್ಯ ಪ್ರಶ್ನೆ ‘ಕಥೋಲಿಕರಾಗಿ ಉಳಿಯಬಹುದೇ’ ಎಂಬುದು. ಇದನ್ನೇ ಫ್ರೈಬುರ್ಗ್‌ನ ನಿವೃತ್ತ ಧರ್ಮಸಭಾ ಕಾನೂನು (ಚರ್ಚಿನ ಒಳಕಾನೂನು) ಪ್ರಾಧ್ಯಾಪಕ ಹಾರ್ಟ್‌ಮುಟ್ ತ್ಸಾಪ್ 2007ರಲ್ಲಿ ಪರೀಕ್ಷೆಗೆ ಒಡ್ಡಿದರು. ತಾವು ಬಿಡುವುದು ತೆರಿಗೆ ವಸೂಲು ಮಾಡುವ ಸಾರ್ವಜನಿಕ ಸಂಸ್ಥೆಯನ್ನು, ವಿಶ್ವಾಸಿಗಳ ಸಮುದಾಯವನ್ನಲ್ಲ ಎಂಬುದು ಅವರ ನಿಲುವು. ಪ್ರಕರಣ ಲೈಪ್‌ಜಿಗ್‌ನ ಕೇಂದ್ರ ಆಡಳಿತ ನ್ಯಾಯಾಲಯದವರೆಗೆ ಹೋಯಿತು. 2012ರ ಸೆಪ್ಟೆಂಬರ್ 26ರ ತೀರ್ಪಿನ ಪ್ರಕಾರ ಅವರ ಘೋಷಣೆ ಊರ್ಜಿತ, ಆದರೆ ತೆರಿಗೆಗೆ ಮಾತ್ರ ಸೀಮಿತವಾದ ಅರ್ಧ ನಿರ್ಗಮನ ಎಂಬುದು ಸರ್ಕಾರದ ಕಾನೂನಿನಲ್ಲಿ ಇಲ್ಲ. ಒಳಗೆ ಅದಕ್ಕೇನು ಪರಿಣಾಮ ಎಂಬುದು ಧರ್ಮಸಭೆಗೆ ಬಿಟ್ಟ ವಿಚಾರ.

ಧರ್ಮಸಭೆಯ ಉತ್ತರ ಅದೇ ತಿಂಗಳು ಬಂದಿತ್ತು. ಜರ್ಮನ್ ಧರ್ಮಾಧ್ಯಕ್ಷರ (ಬಿಷಪ್‌ಗಳ) ಆದೇಶದಂತೆ ಬಿಟ್ಟವರಿಗೆ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ), ಪಾಪನಿವೇದನೆ, ದೃಢೀಕರಣ, ರೋಗಿಗಳ ಅಭ್ಯಂಗ ಇಲ್ಲ. ಸಾವಿನ ಅಪಾಯವಿದ್ದರೆ ಮಾತ್ರ ವಿನಾಯಿತಿ. ಜ್ಞಾನತಂದೆ-ತಾಯಿ ಆಗುವಂತಿಲ್ಲ, ಧರ್ಮಕೇಂದ್ರದ ಪಾಲನಾ ಮಂಡಳಿಯಲ್ಲಿ ಇರುವಂತಿಲ್ಲ. ಇಗರ್ಜಿಯಲ್ಲಿ ಮದುವೆಗೆ ಧರ್ಮಾಧ್ಯಕ್ಷರ ಅನುಮತಿ ಬೇಕು. ಕೊನೆಗಾಲದಲ್ಲೂ ಪಶ್ಚಾತ್ತಾಪದ ಗುರುತು ಕಾಣದಿದ್ದರೆ ಶವಸಂಸ್ಕಾರವನ್ನು ನಿರಾಕರಿಸಬಹುದು. ಪೂಜೆಗೆ ಹೋಗಿ ಕೂರಲು, ಪ್ರಾರ್ಥಿಸಲು ಯಾರ ಅಡ್ಡಿಯೂ ಇಲ್ಲ.

ನನಗೆ ಇದು ತೆರಿಗೆ ಬಾಕಿಗೆ ಪರಮಪ್ರಸಾದ ತಡೆಹಿಡಿದಂತೆಯೇ ಕಾಣುತ್ತದೆ, ತಪ್ಪು ಎಂದು ನೇರವಾಗಿ ಹೇಳುತ್ತೇನೆ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಹೋದರೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2007ರಲ್ಲೇ ಕಾಂಟನ್ (ರಾಜ್ಯ) ಮಟ್ಟದ ಚರ್ಚ್ ಸಂಸ್ಥೆಯನ್ನು ಬಿಟ್ಟು ಕಥೋಲಿಕರಾಗಿ ಉಳಿಯುವುದನ್ನು ಒಪ್ಪಿದೆ.

ಇನ್ನೊಂದು ಸೂಕ್ಷ್ಮ. ಜ್ಞಾನಸ್ನಾನ ಅಳಿಸಲಾಗದ್ದು ಎನ್ನುತ್ತದೆ ಧರ್ಮಸಭಾ ಕಾನೂನಿನ 849ನೇ ವಿಧಿ. ‘ವಿಧ್ಯುಕ್ತವಾಗಿ ಬಿಟ್ಟವರು’ ಎಂದು ಮದುವೆಯ ವಿಧಿಗಳಲ್ಲಿದ್ದ ಮಾತನ್ನೂ ಪೋಪ್ ಹದಿನಾರನೇ ಬೆನೆಡಿಕ್ಟ್ 2009ರಲ್ಲಿ ತೆಗೆದುಹಾಕಿದರು. ಹಾಗಾಗಿ ಧರ್ಮಸಭೆಯ ದೃಷ್ಟಿಯಲ್ಲಿ ನೀವು ಇನ್ನೂ ಕಥೋಲಿಕರೇ, ಹಕ್ಕುಗಳಿಲ್ಲದ ಕಥೋಲಿಕರು. ಮರಳಬೇಕೆನಿಸಿದರೆ ಮತ್ತೆ ಜ್ಞಾನಸ್ನಾನ ಬೇಡ, ಧರ್ಮಗುರುಗಳ ಜೊತೆ ಮಾತುಕತೆ ಮತ್ತು ಧರ್ಮಾಧ್ಯಕ್ಷರ ಒಪ್ಪಿಗೆ ಸಾಕು. ತೆರಿಗೆಯೂ ಮರಳಿ ಬರುತ್ತದೆ.

ಬಲ್ಮಠದ_ಹಂಚು

ಊರಿನ ಮಟ್ಟದ ವಿಷಯ ಸೇರಿಸುತ್ತೇನೆ. ನಿರ್ಗಮನದ ಟಿಪ್ಪಣಿ ಜ್ಞಾನಸ್ನಾನದ ಪುಸ್ತಕದಲ್ಲಿ ಬರೆಯಬೇಕೆಂಬುದು ನಿಯಮ. ಮ್ಯೂನಿಕ್‌ನಿಂದ ಮಂಗಳೂರಿಗೆ ಆ ಪತ್ರ ತಲುಪುತ್ತದೋ ಇಲ್ಲವೋ ಎಂಬುದರ ಮೇಲೆ ಲೆಕ್ಕಾಚಾರ ಕಟ್ಟಬೇಡಿ, ತಲುಪುತ್ತದೆ ಎಂದುಕೊಂಡೇ ನಡೆಯಿರಿ. ಊರಲ್ಲಿ ಮದುವೆ ಗೊತ್ತಾದಾಗ ಹೊಸದಾಗಿ ತೆಗೆದ ಜ್ಞಾನಸ್ನಾನ ಪತ್ರ ಕೇಳುತ್ತಾರೆ, ಟಿಪ್ಪಣಿ ಕಾಣಿಸುವುದು ಆಗ. ಅಪ್ಪ-ಅಮ್ಮನಿಗೆ ವಾಳೆಯ (ಇಗರ್ಜಿಯ ವಾರ್ಡಿನ) ಗುರ್ಕಾರರ, ಅಂದರೆ ಮುಖಂಡರ, ಬಾಯಿಂದ ತಿಳಿಯುವುದಕ್ಕಿಂತ ನೀವೇ ಮೊದಲು ಹೇಳುವುದು ಒಳ್ಳೆಯದು. ‘ದೇವರನ್ನು ಬಿಟ್ಟೆಯಾ’ ಎಂದೇ ಅವರು ಕೇಳುತ್ತಾರೆ, ಅದಕ್ಕೆ ಉತ್ತರ ಸಿದ್ಧವಿರಲಿ.

ಭಾರತದ ಕಾಗದಪತ್ರಗಳಿಗೆ ತೊಂದರೆಯಿಲ್ಲ, ಪಾಸ್‌ಪೋರ್ಟ್‌ನಲ್ಲಿ ಧರ್ಮದ ಕಲಮೇ ಇಲ್ಲ. 1869ರ ವಿಚ್ಛೇದನ ಕಾಯ್ದೆ ಹೇಳುವುದು ಬೇರೆ ಧರ್ಮಕ್ಕೆ ಮತಾಂತರವಾಗಿ ಕ್ರೈಸ್ತರಲ್ಲದಂತಾದವರ ಬಗ್ಗೆ. ತೆರಿಗೆ ಕಾರಣಕ್ಕೆ ಹೊರಬಂದದ್ದು ಅದರೊಳಗೆ ಬರುವುದಿಲ್ಲ. ಇಗರ್ಜಿಯ ಅನುಮತಿಗೆ ಕಾಯದೆ ಊರಲ್ಲಿ ಮದುವೆಯಾಗುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನಗಳ ನೋಟಿಸ್ ಅವಧಿ.

ಮಂಗಳೂರು ಕಡೆಯ ನರ್ಸ್‌ಗಳು ಇದನ್ನು ಓದುತ್ತಿದ್ದರೆ: ಕಾರಿಟಾಸ್ ಅಥವಾ ಇನ್ನಾವುದೇ ಕಥೋಲಿಕ ಆಸ್ಪತ್ರೆಯ ಕೆಲಸದಲ್ಲಿರುವವರು ಸಹಿ ಹಾಕುವ ಮುನ್ನ ಕರಾರು ತೆಗೆದು ಓದಿ. 2022ರ ನವೆಂಬರ್‌ನ ಹೊಸ ಚರ್ಚ್ ಉದ್ಯೋಗ ನಿಯಮಾವಳಿ ಖಾಸಗಿ ಜೀವನವನ್ನು ಕೆಲಸದಿಂದ ಬೇರ್ಪಡಿಸಿತು, ಆದರೆ ಚರ್ಚ್ ಬಿಡುವುದು ಈಗಲೂ ಕೆಲಸಕ್ಕೆ ಕುತ್ತು ತರಬಹುದು. ಮೊದಲು ನೌಕರರ ಪ್ರತಿನಿಧಿ ಮಂಡಳಿಯನ್ನೂ ವಕೀಲರನ್ನೂ ಕೇಳಿ.

ನೇತ್ರಾವತಿ_ದಡ

ಎಲ್ಲರಿಗೂ ವಂದನೆ. ಪರಮಪ್ರಸಾದದ ಮಾತು ಓದಿ ಮನಸ್ಸು ಭಾರವಾಯಿತು, ಇನ್ನೂ ಯೋಚಿಸಬೇಕು. ಮಕ್ಕಳ ವಿಷಯ ಯಾರೂ ಹೇಳಲಿಲ್ಲ.

ಇಸಾರ್_ತೀರ

ಕ್ಷಮಿಸಿ, ಬಿಟ್ಟುಹೋಯಿತು. ನೀವು ಬಿಟ್ಟರೆ ಮಕ್ಕಳು ತಾವಾಗಿ ಹೊರಬರುವುದಿಲ್ಲ. 9ರ ಮಗುವಿನ ಪರವಾಗಿ ತಂದೆ-ತಾಯಿ ಘೋಷಿಸಬಹುದು. 12 ತುಂಬಿದ ಮೇಲೆ ಮಗುವಿನ ಒಪ್ಪಿಗೆಯೂ ಬೇಕು, 14 ತುಂಬಿದರೆ ತೀರ್ಮಾನ ಪೂರ್ತಿ ಮಗುವಿನದೇ. 1921ರಿಂದ ಇರುವ ಕಾನೂನು ಇದು. ಆದಾಯವಿಲ್ಲದ ಮಕ್ಕಳಿಗೆ ತೆರಿಗೆಯೂ ಇಲ್ಲ. ಚಿಕ್ಕವರ ಮೊದಲ ಪರಮಪ್ರಸಾದಕ್ಕೆ ಇದು ಸಾಮಾನ್ಯವಾಗಿ ಮೂರನೇ ತರಗತಿಯ ವಯಸ್ಸು, ತಯಾರಿ ನಡೆದಿದ್ದರೆ ಅವರ ಹೆಸರನ್ನು ಮುಟ್ಟಲು ಹೋಗಬೇಡಿ. 13ರ ಮಗುವನ್ನು ಕೂರಿಸಿಕೊಂಡು ಕೇಳಿ, 14ಕ್ಕೆ ಇನ್ನು ಒಂದೇ ವರ್ಷ.