ಹೈಬ್ರಿಡ್ ಸೆಡಾನೋ, ಬರೀ ಪೆಟ್ರೋಲ್ ಸೆಡಾನೋ: ಯಾವುದನ್ನು ಆರಿಸಿಕೊಳ್ಳಲಿ?

ನಿಧಾನಗತಿ (ಪ್ರಶ್ನೆ):

ಹನ್ನೊಂದು ವರ್ಷ ಓಡಿಸಿದ ಪೆಟ್ರೋಲ್ ಕಾರನ್ನು ಈ ವರ್ಷ ಬದಲಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ಸೆಡಾನೇ ಬೇಕೆನ್ನುವುದರಲ್ಲಿ ನಮ್ಮಲ್ಲಿ ಎರಡು ಮಾತಿಲ್ಲ. ಆದರೆ ನಾವು ಮೆಚ್ಚಿದ ಕಾರು ಬರೀ ಪೆಟ್ರೋಲಿನಲ್ಲೂ ಹೈಬ್ರಿಡ್‌ನಲ್ಲೂ ಸಿಗುತ್ತಿರುವುದರಿಂದ ಎರಡು ತಿಂಗಳಿಂದ ಅದೊಂದೇ ಪ್ರಶ್ನೆಯ ಸುತ್ತ ಸುತ್ತುತ್ತಿದ್ದೇನೆ. ವಾರದಲ್ಲಿ ಐದು ದಿನ ಕಚೇರಿಗೆ ಹೋಗಿಬರುವ 38 ಕಿಲೋಮೀಟರ್ ಪೂರ್ತಿ ಸಿಗ್ನಲ್‌ಗಳ ದಾರಿ. ತಿಂಗಳಿಗೊಮ್ಮೆ ಸುಮಾರು 400 ಕಿಲೋಮೀಟರ್ ಹೆದ್ದಾರಿಯ ಪ್ರಯಾಣ. ಎಲ್ಲ ಸೇರಿ ವರ್ಷಕ್ಕೆ 14,000 ಕಿಲೋಮೀಟರ್ ಆಗಬಹುದು.

ಹೈಬ್ರಿಡ್‌ಗೆ ಹೆಚ್ಚಿಗೆ ಕೊಡುವ ಹಣ ಇಂಧನದಲ್ಲಿ ವಾಪಸ್ ಬರುತ್ತದೆಯೇ ಎನ್ನುವುದು ಮೊದಲ ಪ್ರಶ್ನೆ. ನಮ್ಮ ಅಣ್ಣನವರು, "ಎಂಜಿನ್ನೂ ಇದೆ, ಮೋಟಾರೂ ಇದೆ ಎಂದರೆ ಕೆಡುವುದಕ್ಕೆ ಎರಡು ಇವೆ ಎಂದರ್ಥ" ಎನ್ನುತ್ತಾರೆ. ಬ್ಯಾಟರಿ ಹೋದರೆ ಏನು ಗತಿ ಎನ್ನುವುದು ಅವರ ಖಾಯಂ ಪ್ರಶ್ನೆ. ಇನ್ನೊಂದು ಗೊಂದಲವೂ ಇದೆ. ಬೇರೊಂದು ಶೋರೂಮಿನಲ್ಲಿ ಇದಕ್ಕಿಂತ ಬಹಳ ಕಡಿಮೆ ಬೆಲೆಗೆ, ಹಿಂಬದಿಯಲ್ಲಿ ಹೈಬ್ರಿಡ್ ಎಂದೇ ಬರೆದಿರುವ ಕಾರನ್ನು ತೋರಿಸಿದರು. ಎರಡೂ ಹೈಬ್ರಿಡ್ ಆದರೆ ಬೆಲೆಯಲ್ಲಿ ಇಷ್ಟು ಅಂತರ ಏಕೆ?

ಲೆಕ್ಕದಪುಸ್ತಕ:

ನಿಮ್ಮ ಕೊನೆಯ ಗೊಂದಲವನ್ನು ಮೊದಲು ಬಗೆಹರಿಸುತ್ತೇನೆ, ಏಕೆಂದರೆ ಅದರಲ್ಲಿ ಎಡವಿದರೆ ಉಳಿದ ಲೆಕ್ಕವೆಲ್ಲ ತಪ್ಪುತ್ತದೆ. ಕಡಿಮೆ ಬೆಲೆಯ ಆ ಕಾರು ಬಹುಶಃ ಮೈಲ್ಡ್ ಹೈಬ್ರಿಡ್. ಅದರಲ್ಲಿ 12 ಅಥವಾ 48 ವೋಲ್ಟಿನ ಸಣ್ಣ ಮೋಟಾರೊಂದು ಎಂಜಿನ್ನಿಗೆ ತುಸು ನೆರವಾಗುತ್ತದೆ, ನಿಂತಲ್ಲಿ ಎಂಜಿನ್ ಆಫ್ ಮಾಡಿ ಮತ್ತೆ ಸದ್ದಿಲ್ಲದೆ ಹೊತ್ತಿಸುತ್ತದೆ, ಅಷ್ಟೆ; ಸಾಮಾನ್ಯವಾಗಿ ಮೋಟಾರೊಂದರಿಂದಲೇ ಕಾರು ಚಲಿಸುವುದಿಲ್ಲ. ಇನ್ನೊಂದು ಪೂರ್ಣ ಹೈಬ್ರಿಡ್. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೊಟಾ ಪ್ರಿಯಸ್ ಈ ಜಾತಿಯದು. ಇದು ಎಂಜಿನ್ ಆಫ್ ಇರುವಾಗಲೂ ಸ್ವಲ್ಪ ದೂರ ಓಡಬಲ್ಲದು. ಮೈಲ್ಡ್ ಹೈಬ್ರಿಡನ್ನು ನೀವು ಪೆಟ್ರೋಲ್ ಕಾರಿನ ಸಾಲಿಗೇ ಸೇರಿಸಿಕೊಂಡು ಯೋಚಿಸಿ.

ಇನ್ನು ಉಳಿತಾಯದ ವಿಷಯ. ಹೈಬ್ರಿಡ್ ಎಲ್ಲಿಂದಲೋ ಹೊಸ ಶಕ್ತಿಯನ್ನು ತರುವುದಿಲ್ಲ. ನೀವು ಬ್ರೇಕ್ ಒತ್ತಿದಾಗ ಬಿಸಿಯಾಗಿ ಗಾಳಿಗೆ ಹೋಗುತ್ತಿದ್ದುದರಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಂಡು ಮುಂದಿನ ಸಲ ಹೊರಡುವಾಗ ಬಳಸುತ್ತದೆ. 1,300 ಕಿಲೋಗ್ರಾಂ ತೂಕದ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿದ್ದಾಗ ಅದರಲ್ಲಿ ಸುಮಾರು 125 ಕಿಲೋಜೂಲ್ ಚಲನಶಕ್ತಿ ಇರುತ್ತದೆ. ಎಂಜಿನ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಅಷ್ಟನ್ನು ಗಳಿಸಲು 12 ಮಿಲಿಲೀಟರಿನಷ್ಟು ಪೆಟ್ರೋಲ್ ಬೇಕು, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಹೆಚ್ಚು. ನಿಮ್ಮ ದಾರಿಯಲ್ಲಿ ಪ್ರತಿ ಸಿಗ್ನಲ್ಲಿಗೂ ಈ ಎರಡು ಚಮಚವನ್ನು ನೀವು ರಸ್ತೆಗೆ ಸುರಿಯುತ್ತಿದ್ದೀರಿ. ಹೆದ್ದಾರಿಯಲ್ಲಿ ಬ್ರೇಕ್ ಒತ್ತುವುದೇ ಅಪರೂಪವಾದ್ದರಿಂದ ಅಲ್ಲಿ ಹಿಡಿದಿಡಲು ಹೆಚ್ಚೇನೂ ಸಿಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 2023ರ ಟೊಯೊಟಾ ಕೊರೊಲ್ಲಾ ಸೆಡಾನಿಗೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಕೊಟ್ಟಿರುವ ಅಂಕಿಗಳನ್ನು ನಮ್ಮ ಅಳತೆಗೆ ಬದಲಿಸಿದರೆ, ನಗರದಲ್ಲಿ ಪೆಟ್ರೋಲ್ ಕಾರು ಲೀಟರಿಗೆ 13.6, ಹೈಬ್ರಿಡ್ 22.5 ಕಿಲೋಮೀಟರ್ ಕೊಡುತ್ತದೆ. ಹೆದ್ದಾರಿಯಲ್ಲಿ ಕ್ರಮವಾಗಿ 17.4 ಮತ್ತು 19.6. ನಿಮ್ಮ ನಗರದ 9,000 ಕಿಲೋಮೀಟರಿಗೆ ಇದನ್ನು ಅನ್ವಯಿಸಿದರೆ 662 ಲೀಟರ್ ಬೇಕಾಗುತ್ತಿದ್ದುದು 400 ಲೀಟರಿಗೆ ಇಳಿಯುತ್ತದೆ. ಹೆದ್ದಾರಿಯ 5,000 ಕಿಲೋಮೀಟರಿನಲ್ಲಿ ಉಳಿಯುವುದು ಬರೀ 32 ಲೀಟರ್. ಓಡಾಟದ ಮೂರನೇ ಒಂದಕ್ಕಿಂತ ಹೆಚ್ಚು ಹೆದ್ದಾರಿಯಲ್ಲಿದ್ದರೂ ಉಳಿತಾಯದ ಒಂಬತ್ತನೇ ಒಂದು ಪಾಲು ಮಾತ್ರ ಅಲ್ಲಿಂದ ಬರುತ್ತದೆ.

ಹಾಗಾಗಿ ಎರಡೂ ಕಾರುಗಳ ಬೆಲೆಯ ಅಂತರವನ್ನು ಹಣದಲ್ಲಿ ನೋಡಬೇಡಿ, ಇಂದಿನ ಪೆಟ್ರೋಲ್ ದರದಿಂದ ಭಾಗಿಸಿ ಲೀಟರಿನಲ್ಲಿ ನೋಡಿ. ಆ ಲೀಟರುಗಳನ್ನು ನಿಮ್ಮ ವಾರ್ಷಿಕ ಉಳಿತಾಯದಿಂದ, ಅಂದರೆ ಸುಮಾರು 294ರಿಂದ, ಭಾಗಿಸಿದರೆ ಎಷ್ಟು ವರ್ಷ ಎನ್ನುವುದು ಸಿಗುತ್ತದೆ. ಸಾಲ ಮಾಡಿ ಕೊಳ್ಳುವುದಾದರೆ ಹೆಚ್ಚುವರಿ ಹಣದ ಬಡ್ಡಿಯನ್ನೂ ಸೇರಿಸಲು ಮರೆಯಬೇಡಿ. ಶೋರೂಮಿನವರ ಕಾಗದದಲ್ಲಿ ಅದು ಇರುವುದಿಲ್ಲ.

ಐದನೇ ಗೇರು:

ಮೇಲಿನ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದು ನಿಮ್ಮ ಓಡಾಟದ ಲೆಕ್ಕ. ನನ್ನದು ಬಹುಪಾಲು ಹೆದ್ದಾರಿ. ಇದೇ ರೀತಿ ಕೂಡಿ ಕಳೆದು ನಾನು ಪೆಟ್ರೋಲ್ ಸೆಡಾನನ್ನೇ ತೆಗೆದುಕೊಂಡೆ, ಐದು ವರ್ಷವಾಯಿತು, ಪಶ್ಚಾತ್ತಾಪವಿಲ್ಲ. ಮೂರ್ನಾಲ್ಕು ವರ್ಷಕ್ಕೊಮ್ಮೆ ಕಾರು ಬದಲಿಸುವವರಿಗೂ ನಾನು ಇದನ್ನೇ ಹೇಳುತ್ತೇನೆ.

ಕೊಳ್ಳುವ ಮುನ್ನ ಎರಡು ಸಂಗತಿಗಳನ್ನು ಕಣ್ಣಾರೆ ನೋಡಿ. ಕೆಲವು ಸೆಡಾನುಗಳಲ್ಲಿ ಬ್ಯಾಟರಿಯನ್ನು ಹಿಂದೆ ಕೂರಿಸಿರುವುದರಿಂದ ಡಿಕ್ಕಿಯ ಜಾಗ ಕಡಿಮೆಯಾಗಿರುತ್ತದೆ. ನಿಮ್ಮ ದೊಡ್ಡ ಸೂಟ್‌ಕೇಸನ್ನು ಶೋರೂಮಿಗೇ ಒಯ್ದು ಇಟ್ಟು ನೋಡಿ, ನಾಚಿಕೊಳ್ಳಬೇಡಿ. ಎರಡನೆಯದು, ಉದ್ದನೆಯ ಏರಿನಲ್ಲಿ ಪೂರ್ಣ ಹೈಬ್ರಿಡ್‌ನ ಎಂಜಿನ್ ಒಂದೇ ಸ್ವರದಲ್ಲಿ ಗೊಯ್ಯೆಂದು ಕೂಗುತ್ತದೆ, ಆ ಸದ್ದಿಗೂ ಕಾರಿನ ವೇಗಕ್ಕೂ ತಾಳೆಯಾಗುವುದಿಲ್ಲ. ಗೇರ್ ಹಾಕಿ ಓಡಿಸಿ ಅಭ್ಯಾಸವಾದ ನನಗೆ ಅದು ಹತ್ತು ನಿಮಿಷಕ್ಕೇ ಸಾಕಾಯಿತು. ಇದು ಅಭಿರುಚಿಯ ಮಾತು, ಒಪ್ಪುತ್ತೇನೆ. ಆದರೆ ಹತ್ತು ವರ್ಷ ಆ ಸೀಟಿನಲ್ಲಿ ಕೂರುವವರು ನೀವೇ.

ಗ್ಯಾರೇಜಿನವನು:

ಹೈಬ್ರಿಡ್ ಕಾರುಗಳನ್ನು ಬಿಚ್ಚಿ ಜೋಡಿಸುವುದು ನನ್ನ ದಿನನಿತ್ಯದ ಕೆಲಸ. ನಿಮ್ಮ ಅಣ್ಣನವರ ಮಾತು ಕೇಳಲು ಸರಿಯೆನಿಸುತ್ತದೆ, ಆದರೆ ಕಾರಿನ ಕೆಳಗೆ ಮಲಗಿ ನೋಡಿದರೆ ಹಾಗೆ ಕಾಣುವುದಿಲ್ಲ. ಟೊಯೊಟಾದ ವ್ಯವಸ್ಥೆಯಲ್ಲಿ ಪ್ರತ್ಯೇಕ ಸ್ಟಾರ್ಟರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಎರಡು ಮೋಟಾರ್ ಮತ್ತು ಒಂದು ಪ್ಲಾನೆಟರಿ ಗೇರ್ ಜೋಡಣೆ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವಂಥದ್ದು) ಆ ಕೆಲಸವನ್ನೆಲ್ಲ ಹಂಚಿಕೊಂಡಿವೆ. ಹೋಂಡಾದ್ದು ಬೇರೆ ದಾರಿ: ನಗರದ ವೇಗದಲ್ಲಿ ಚಕ್ರ ತಿರುಗಿಸುವುದು ಮುಖ್ಯವಾಗಿ ಮೋಟಾರ್, ಹೆದ್ದಾರಿಯ ವೇಗ ಬಂದಾಗ ಕ್ಲಚ್ ಒಂದು ಕೂಡಿಕೊಂಡು ಎಂಜಿನ್ ನೇರವಾಗಿ ಚಕ್ರಕ್ಕೆ ಸೇರುತ್ತದೆ. ಬ್ರೇಕ್ ಪ್ಯಾಡುಗಳಂತೂ ಪೆಟ್ರೋಲ್ ಕಾರಿನದಕ್ಕಿಂತ ಬಹಳ ಹೆಚ್ಚು ಬಾಳುತ್ತವೆ. ಎಂಜಿನ್ ಆಯಿಲ್, ಫಿಲ್ಟರ್, ಕೂಲಂಟ್ ಖರ್ಚು ಮಾತ್ರ ಎರಡಕ್ಕೂ ಒಂದೇ. ಆ ವಿಷಯದಲ್ಲಿ ಹೈಬ್ರಿಡ್ ಕೂಡ ಪೆಟ್ರೋಲ್ ಕಾರೇ.

ಬ್ಯಾಟರಿಯ ಭಯಕ್ಕೆ ಬರೋಣ. ಪೂರ್ಣ ಹೈಬ್ರಿಡ್‌ನ ಬ್ಯಾಟರಿ ಎಲೆಕ್ಟ್ರಿಕ್ ಕಾರಿನದರಂತೆ ದೊಡ್ಡದಲ್ಲ, ಸಾಮಾನ್ಯವಾಗಿ 1ರಿಂದ 1.5 ಕಿಲೋವ್ಯಾಟ್ ಗಂಟೆಯಷ್ಟು. ಅದನ್ನು ಕಾರಿನ ಕಂಪ್ಯೂಟರ್ ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಬರಿದಾಗಲೂ ಬಿಡುವುದಿಲ್ಲ. ನಡುವಿನ ಮಟ್ಟದಲ್ಲೇ ಆಡಿಸುತ್ತಿರುತ್ತದೆ, ಅದಕ್ಕೇ ಅದು ಅಷ್ಟು ವರ್ಷ ತಾಳುವುದು. ಹಲವು ತಯಾರಕರು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ; ನೀವು ನೋಡಿರುವ ಕಾರಿಗೆ ಎಷ್ಟಿದೆ ಎನ್ನುವುದನ್ನು ಬಾಯಿಮಾತಿನಲ್ಲಿ ಕೇಳದೆ ವಾರಂಟಿ ಪುಸ್ತಕದಲ್ಲಿ ಓದಿಕೊಳ್ಳಿ.

ನನ್ನ ಬಳಿಗೆ "ಹೈಬ್ರಿಡ್ ಬ್ಯಾಟರಿ ಸತ್ತಿದೆ" ಎಂದು ಎಳೆದು ತಂದ ಕಾರುಗಳಲ್ಲಿ ಎಷ್ಟೋ ಸಲ ಸತ್ತಿದ್ದದ್ದು ಮಾಮೂಲಿ 12 ವೋಲ್ಟ್ ಬ್ಯಾಟರಿ. ಕಂಪ್ಯೂಟರ್ ಎಚ್ಚರಗೊಳ್ಳಲು ಅದೇ ಬೇಕು. ವಾರಗಟ್ಟಲೆ ಕಾರನ್ನು ನಿಲ್ಲಿಸಿಟ್ಟರೆ ಅದು ಇಳಿಯುತ್ತದೆ. ಒಬ್ಬರು ಬೇರೆ ಕಡೆ ದೊಡ್ಡ ಬ್ಯಾಟರಿಯನ್ನೇ ಬದಲಿಸಬೇಕೆಂದು ಹೇಳಿಸಿಕೊಂಡು ಕಂಗಾಲಾಗಿ ಬಂದಿದ್ದರು, ಸಣ್ಣದನ್ನು ಬದಲಿಸಿ ಅರ್ಧ ಗಂಟೆಯಲ್ಲಿ ಕಳುಹಿಸಿದೆ. ಹೆಚ್ಚಿನ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ಕೇಬಲ್ಲುಗಳ ತಂಟೆಗೆ ಮಾತ್ರ ನೀವಾಗಲಿ, ತರಬೇತಿ ಇಲ್ಲದ ಮೆಕ್ಯಾನಿಕ್ ಆಗಲಿ ಹೋಗಬಾರದು. ಕೊಳ್ಳುವ ಮುಂಚೆ, ಹೈಬ್ರಿಡ್ ಬಲ್ಲವರು ನಿಮಗೆ ಎಟುಕುವ ದೂರದಲ್ಲಿದ್ದಾರೆಯೇ ಎಂದು ವಿಚಾರಿಸಿಕೊಳ್ಳಿ. ಇಲ್ಲದಿದ್ದರೆ ಪೆಟ್ರೋಲ್ ಕಾರೇ ಕ್ಷೇಮ.

ಲೆಕ್ಕದಪುಸ್ತಕ:

ಒಂದು ಮಾತು ಬಿಟ್ಟುಹೋಗಿತ್ತು. ನಿಮ್ಮ ಹಳೆಯ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಸರಾಸರಿ ವೇಗ ತೋರಿಸುವ ಆಯ್ಕೆ ಇದ್ದರೆ, ಸೋಮವಾರ ಬೆಳಿಗ್ಗೆ ಅದನ್ನು ಸೊನ್ನೆ ಮಾಡಿ ಶುಕ್ರವಾರ ಸಂಜೆ ನೋಡಿ. ಕಂಪನಿ ಹೇಳುವ ಮೈಲೇಜಿಗಿಂತ ಆ ಒಂದು ಸಂಖ್ಯೆಯನ್ನು ನಾನು ಹೆಚ್ಚು ನಂಬುತ್ತೇನೆ. ಅದು ಗಂಟೆಗೆ 25ರ ಆಸುಪಾಸಿನಲ್ಲಿದ್ದರೆ ಹೈಬ್ರಿಡ್ ದುಡಿಯುತ್ತದೆ. 60 ದಾಟಿದರೆ ಹೆಚ್ಚಿನ ಹಣ ಕೊಡಲು ನನಗೆ ಕಾರಣ ಕಾಣುವುದಿಲ್ಲ.

ನಿಧಾನಗತಿ:

ಎಲ್ಲರಿಗೂ ಧನ್ಯವಾದಗಳು. ಸೋಮವಾರದಿಂದ ಶುಕ್ರವಾರದವರೆಗಿನ ಸರಾಸರಿ ವೇಗ 19 ಬಂದಿದೆ. ಇಷ್ಟು ವರ್ಷ ನಾನು ಕಾರು ಓಡಿಸುತ್ತಿದ್ದೆನೋ ತಳ್ಳುತ್ತಿದ್ದೆನೋ ಎನಿಸಿತು. ಬೆಲೆಯ ಅಂತರ ಲೀಟರಿನಲ್ಲಿ ಸುಮಾರು 2,000 ಆಗುತ್ತದೆ, ಅಂದರೆ ಏಳು ವರ್ಷಕ್ಕೆ ಹತ್ತಿರ. ಹಿಂದಿನ ಕಾರನ್ನು ಹನ್ನೊಂದು ವರ್ಷ ಇಟ್ಟುಕೊಂಡವನಿಗೆ ಇದು ದೂರವೇನಲ್ಲ. ಸಾಲವಿಲ್ಲದೆ ಕೊಳ್ಳುತ್ತಿರುವುದರಿಂದ ಬಡ್ಡಿಯ ಪ್ರಶ್ನೆ ಬರುವುದಿಲ್ಲ. ಶನಿವಾರ ಕಚೇರಿಯ ದಾರಿಯಲ್ಲೇ ಹೈಬ್ರಿಡ್ ಓಡಿಸಿ ನೋಡಿದೆ, ಏರಿನಲ್ಲಿ ಎಂಜಿನ್ ಕೂಗಿದ್ದು ನಿಜ. ಆದರೆ ಸಿಗ್ನಲ್ಲಿನಲ್ಲಿ ನಿಂತಾಗಿನ ಆ ಮೌನಕ್ಕೆ ಅದನ್ನು ಸಹಿಸಿಕೊಳ್ಳಬಹುದು ಎನಿಸಿತು. ಸೂಟ್‌ಕೇಸೂ ಡಿಕ್ಕಿಯಲ್ಲಿ ಹಿಡಿಯಿತು.

ಗ್ಯಾರೇಜಿನವರಿಗೆ ಒಂದು ಕೊನೆಯ ಪ್ರಶ್ನೆ: ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಜಾಲರಿ ಕಂಡಿತು, ಬ್ಯಾಟರಿಗೆ ಗಾಳಿ ಹೋಗುವುದು ಅಲ್ಲಿಂದ ಎಂದರು. ನಮ್ಮ ನಾಯಿ ಯಾವಾಗಲೂ ಮಲಗುವುದು ಸರಿಯಾಗಿ ಅದೇ ಜಾಗದಲ್ಲಿ. ತೊಂದರೆಯಾದೀತೇ?

ಗ್ಯಾರೇಜಿನವನು:

ನಾಯಿಗೆ ಆಗುವುದಿಲ್ಲ, ಬ್ಯಾಟರಿಗೆ ಆಗಬಹುದು. ಜಾಲರಿಯ ಹಿಂದೆ ತೆಳ್ಳಗಿನ ಫಿಲ್ಟರ್ ಇರುತ್ತದೆ. ಕೂದಲು, ಧೂಳು ಅಲ್ಲಿ ಕಂಬಳಿಯ ಹಾಗೆ ಕಟ್ಟಿಕೊಂಡರೆ ಗಾಳಿ ಸಾಲದೆ ಬ್ಯಾಟರಿ ಬಿಸಿಯಾಗುತ್ತದೆ, ಆಯಸ್ಸು ಕಡಿಮೆಯಾಗುತ್ತದೆ. ನಾಯಿಯನ್ನು ಇನ್ನೊಂದು ಪಕ್ಕಕ್ಕೆ ಮಲಗಿಸಿ, ಜಾಲರಿಯ ಮೇಲೆ ಬಟ್ಟೆ, ಚೀಲ ಒರಗಿಸಬೇಡಿ. ಪ್ರತಿ ಸರ್ವೀಸಿನಲ್ಲೂ ಆ ಫಿಲ್ಟರನ್ನು ತೆಗೆದು ಶುಚಿ ಮಾಡಿಕೊಡಲು ಬಾಯಿಬಿಟ್ಟು ಹೇಳಿ, ಮಾಡಿದ್ದಾರೆಯೇ ಎಂದು ಜಾಲರಿಯೊಳಗೆ ಟಾರ್ಚ್ ಹಾಕಿ ನೋಡಿ. ಕೇಳದಿದ್ದರೆ ಅದನ್ನು ಮುಟ್ಟುವವರು ಕಡಿಮೆ.